ಬೆಕ್ಕಿನ ಉಬ್ಬಸವೂ ಪಥ್ಯಾಹಾರವೂ

ಮನುಷ್ಯನ ನೆರೆಯನ್ನು ತಾನಾಗಿಯೇ ಅರಸಿ ಬಂದ ಪ್ರಾಣಿ ಬೆಕ್ಕು. ಕಣಜದ ಕಾಳನ್ನು ಹುಡುಕಿಕೊಂಡು ಇಲಿಗಳು ಬಂದವು. ಇಲಿಗಳನ್ನು ಹುಡುಕಿಕೊಂಡು ಬೆಕ್ಕು ಬಂದಿತು. ಬಂದುದು ಒಲೆಯ ಬೆಚ್ಚನೆಯ ಮಗ್ಗುಲನ್ನು ಬಿಟ್ಟು ಮರಳಿ ಹೋಗಲಿಲ್ಲ. ಮುಂಬಯಿಯಂತಹ ಮಹಾನಗರದಲ್ಲಿಯೂ ಚಾಳಿನ ಮೆಟ್ಟಿಲ ಮೇಲೆ, ಮೀನುಪೇಟೆಯ ಕಟ್ಟೆಯ ಕೆಳಗೆ, ಎತ್ತರದ ಕಟ್ಟಡಗಳ ಕಿಟಕಿಯ ಅಂಚಿನಲ್ಲಿ ನಾವು ಅದನ್ನು ದಿನವೂ ಕಾಣುತ್ತೇವೆ. ನಮ್ಮ ಶಾಲೆಯ ಅನೇಕ ವಿದ್ಯಾರ್ಥಿಗಳ ಮನೆಗಳಲ್ಲಿ ಅದು ಮನೆಮಂದಿಯಲ್ಲೊಂದಾಗಿಯೇ ಬಾಳುತ್ತಿದೆ.

ಈ ಪ್ರಾಣಿಗೂ ಮನುಷ್ಯನಿಗೆ ಬರುವಂತಹ ಉಬ್ಬಸ ರೋಗವು ಬರುತ್ತದೆಂಬುದನ್ನು ಬಹುಜನರು ಅರಿಯರು. ಗೂರಲು, ದಮ್ಮು, ಅಸ್ತಮಾ ಎಂದು ನಾವು ಕರೆಯುವುದೂ ಇದನ್ನೇ. ಪಶುವೈದ್ಯರ ಅಂದಾಜಿನಂತೆ ನೂರು ಬೆಕ್ಕುಗಳಲ್ಲಿ ಒಂದರಿಂದ ಐದರವರೆಗೆ ಈ ರೋಗಕ್ಕೆ ಗುರಿಯಾಗುತ್ತವೆ. ರೋಗವು ಗೊತ್ತಾದೊಡನೆ ಮನೆಯ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆಯು, "ಇದಕ್ಕೆ ಏನು ಪಥ್ಯ?" ಎಂಬುದು. ಮದ್ದಿನಷ್ಟೇ ಪಥ್ಯವನ್ನೂ ನಂಬಿದ ನಾಡಿನವರಿಗೆ ಈ ಪ್ರಶ್ನೆ ಸಹಜವಾದುದೇ ಸರಿ. ಆದರೆ ಇದಕ್ಕೆ ದೊರೆಯುವ ಉತ್ತರವು ತಪ್ಪಾದಲ್ಲಿ ಒಂದು ಮೂಕಪ್ರಾಣಿಯ ಉಸಿರೇ ಹೋದೀತು. ಆದುದರಿಂದ ಉಬ್ಬಸವುಳ್ಳ ಬೆಕ್ಕಿಗೆ ಆಹಾರದಿಂದ ಆಗುವ ಉಪಕಾರವೇನು, ಆಗದಿರುವುದೇನು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ವಿಚಾರಿಸೋಣ.

೧. ರೋಗದ ಸ್ವರೂಪ

ಮೂಗಿನಿಂದ ಒಳಹೊಕ್ಕ ಗಾಳಿಯು ಗಂಟಲನ್ನು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳವು ಮರದ ಕೊಂಬೆಗಳಂತೆ ಕವಲೊಡೆಯುತ್ತ, ಕಿರಿದಾಗುತ್ತ, ಕೊನೆಗೆ ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ಕವಲುನಾಳಗಳ ಗೋಡೆಯಲ್ಲಿ ತೆಳುವಾದ ಸ್ನಾಯುಪಟ್ಟಿಗಳುಂಟು. ಒಳಮೈಯಲ್ಲಿ ಲೋಳೆಯನ್ನು ಸ್ರವಿಸುವ ಪೊರೆಯುಂಟು.

ಧೂಳು, ಹೊಗೆ, ಹೂವಿನ ಪರಾಗ, ಬೂಷ್ಟಿನ ಕಣ ಮೊದಲಾದುವು ಗಾಳಿಯೊಡನೆ ಒಳಗೆ ಹೋಗುವುದು ಎಲ್ಲ ಪ್ರಾಣಿಗಳಲ್ಲಿಯೂ ನಡೆಯುವ ಸಂಗತಿ. ಕೆಲವು ಬೆಕ್ಕುಗಳ ದೇಹವಾದರೋ ಇಂತಹ ನಿರಪಾಯವಾದ ಕಣವನ್ನೂ ವೈರಿಯೆಂದು ಬಗೆದು ಯುದ್ಧ ಹೂಡುತ್ತದೆ. ಇದಕ್ಕೆ ಅಲರ್ಜಿ ಎಂದು ಹೆಸರು. ಆಗ ಮೂರು ಕಾರ್ಯಗಳು ಒಟ್ಟಿಗೆ ನಡೆಯುತ್ತವೆ: ಸ್ನಾಯುಪಟ್ಟಿಗಳು ಬಿಗಿದುಕೊಳ್ಳುತ್ತವೆ, ಒಳಪೊರೆಯು ಊದಿಕೊಳ್ಳುತ್ತದೆ, ಲೋಳೆಯು ಮಿತಿಮೀರಿ ಸುರಿದು ದಾರಿಯನ್ನು ಕಟ್ಟುತ್ತದೆ.

ನಾಳವು ತುಸು ಕಿರಿದಾದರೆ ಅಷ್ಟೊಂದು ಕಷ್ಟವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಿರಿದಾದ ನಾಳಗಳಲ್ಲಿ ದ್ರವವು ಹರಿಯುವ ಬಗೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಪ್ವಾಸೇಯಿ ಎಂಬ ವೈದ್ಯನು ಅಳೆದು ನೋಡಿದನು. ಅವನು ಕಂಡ ನಿಯಮದಂತೆ, ನಾಳದ ಒಳವ್ಯಾಸವು ಅರ್ಧಕ್ಕೆ ಇಳಿದರೆ ಸಮವಾಗಿ ಹರಿಯುವ ಪ್ರವಾಹಕ್ಕೆ ಒದಗುವ ತಡೆಯು ಎರಡು ಪಟ್ಟಾಗುವುದಿಲ್ಲ. ೨ × ೨ × ೨ × ೨, ಅಂದರೆ ೧೬ ಪಟ್ಟಾಗುತ್ತದೆ. ಬೆಕ್ಕಿನ ನಾಳಗಳು ಮೊದಲೇ ಸಣ್ಣವು. ಅವು ಇನ್ನಷ್ಟು ಕುಗ್ಗಿದಾಗ ಆ ಜೀವಕ್ಕೆ ಎಂತಹ ಸಂಕಟವೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

೨. ಗುರುತಿಸುವ ಬಗೆ

ಬೆಕ್ಕು ತನ್ನ ನೋವನ್ನು ಮರೆಮಾಡುವ ಪ್ರಾಣಿ. ಉಬ್ಬಸದ ಕೆಮ್ಮು ಬಂದಾಗ ಅದು ಮೈಯನ್ನು ಮುದುರಿ ನೆಲಕ್ಕೆ ಒತ್ತಿ ಕುಳಿತು, ಕತ್ತನ್ನು ಮುಂದಕ್ಕೆ ಚಾಚಿ, ಗೊರಗೊರ ಸದ್ದು ಮಾಡುತ್ತದೆ. ನೋಡಿದವರು, "ನೆಕ್ಕಿದ ಕೂದಲು ಗಂಟಲಲ್ಲಿ ಸಿಕ್ಕಿದೆ, ಕಾರಿಕೊಳ್ಳುತ್ತದೆ" ಎಂದು ಸುಮ್ಮನಾಗುತ್ತಾರೆ. ಮಕ್ಕಳು ನಗುವುದೂ ಉಂಟು. ಆದರೆ ಹೊರಗೆ ಏನೂ ಬೀಳುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬುದು ಗಾದೆ. ಇಲ್ಲಿಯಾದರೋ ನಮಗೆ ಚೆಲ್ಲಾಟವಾಗಿ ತೋರುವುದು ಬೆಕ್ಕಿಗೆ ಪ್ರಾಣಸಂಕಟವಾಗಿರುತ್ತದೆ. ಇಂತಹ ಕೆಮ್ಮು ಮೇಲಿಂದ ಮೇಲೆ ಬಂದರೆ ಕೂದಲಿನ ಮೇಲೆ ತಪ್ಪು ಹೊರಿಸದೆ ವೈದ್ಯರಿಗೆ ತೋರಿಸತಕ್ಕದ್ದು.

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಬೆಕ್ಕು ಗಾಢವಾಗಿ ನಿದ್ರಿಸುತ್ತಿರುವಾಗ ಅದರ ಪಕ್ಕೆಯು ಏರಿ ಇಳಿಯುವುದನ್ನು ಒಂದು ನಿಮಿಷದ ಕಾಲ ಎಣಿಸಿರಿ. ಏರಿ ಇಳಿದುದು ಸೇರಿ ಒಂದು ಉಸಿರು. ಆರೋಗ್ಯವಂತ ಬೆಕ್ಕಿನಲ್ಲಿ ಈ ಸಂಖ್ಯೆಯು ಸಾಮಾನ್ಯವಾಗಿ ೩೦ನ್ನು ಮೀರದು. ದಿನದಿನಕ್ಕೆ ಅದು ಹೆಚ್ಚುತ್ತ ಹೋದರೆ ವೈದ್ಯರಿಗೆ ತಿಳಿಸಬೇಕು; ೪೦ನ್ನು ದಾಟಿದರೆ ತಡಮಾಡಲಾಗದು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಅಥವಾ ಒಸಡು ನೀಲಿಗಟ್ಟಿದ್ದರೆ, ಅದು ಗಳಿಗೆಯನ್ನೂ ಕಳೆಯಬಾರದ ಅಪಾಯಕಾಲ. ಆಗ ಬಾಯಿಗೆ ನೀರನ್ನಾಗಲಿ ಆಹಾರವನ್ನಾಗಲಿ ಹಾಕದೆ, ಗದ್ದಲವಿಲ್ಲದೆ ಬುಟ್ಟಿಯಲ್ಲಿಟ್ಟು ಚಿಕಿತ್ಸಾಲಯಕ್ಕೆ ಒಯ್ಯಬೇಕು.

ಉಬ್ಬಸವನ್ನು ಹೋಲುವ ಬೇರೆ ರೋಗಗಳೂ ಇವೆ. ಅವುಗಳಲ್ಲಿ ಒಂದು ಆಹಾರದ ಮೂಲಕವೇ ಬರುವಂತಹುದು. ಬಸವನಹುಳುವಿನಲ್ಲಿ ಬೆಳೆಯುವ ಒಂದು ಬಗೆಯ ಸಣ್ಣ ಜಂತು, ಆ ಹುಳುವನ್ನು ತಿಂದ ಕಪ್ಪೆ, ಹಲ್ಲಿ, ಹಕ್ಕಿ, ಇಲಿಗಳ ಮೈಯನ್ನು ಸೇರುತ್ತದೆ. ಇವನ್ನು ಬೇಟೆಯಾಡಿ ತಿಂದ ಬೆಕ್ಕಿನ ಶ್ವಾಸಕೋಶದಲ್ಲಿ ಮನೆಮಾಡುತ್ತದೆ. ಅಂತಹ ಬೆಕ್ಕೂ ಉಬ್ಬಸದ ಬೆಕ್ಕಿನಂತೆಯೇ ಕೆಮ್ಮುತ್ತದೆ. ಆದರೆ ಅದಕ್ಕೆ ಬೇಕಾದುದು ಜಂತುನಾಶಕ ಔಷಧ. ಮಲಪರೀಕ್ಷೆ, ಎದೆಯ ಕ್ಷಕಿರಣ ಚಿತ್ರ ಮೊದಲಾದುವನ್ನು ವೈದ್ಯರು ಏಕೆ ಕೇಳುತ್ತಾರೆಂಬುದು ಇದರಿಂದ ಸ್ಪಷ್ಟವಾಗುವುದು. ರೋಗವನ್ನು ತಿಳಿಯದೆ ಪಥ್ಯವನ್ನು ಗೊತ್ತುಮಾಡುವುದು ದಾರಿ ತಿಳಿಯದೆ ಗಾಡಿ ಕಟ್ಟಿದಂತೆ.

೩. ಆಹಾರಕ್ಕೂ ಉಬ್ಬಸಕ್ಕೂ ಇರುವ ಸಂಬಂಧ

ಬೆಕ್ಕಿನ ಉಬ್ಬಸವನ್ನು ಕೆರಳಿಸುವುದು ಬಹುಮಟ್ಟಿಗೆ ಉಸಿರಿನೊಡನೆ ಒಳಹೋಗುವ ವಸ್ತು. ಅನ್ನದೊಡನೆ ಹೋಗುವ ವಸ್ತುವು ಅದಕ್ಕೆ ಕಾರಣವಾಗುವುದು ವಿರಳ. ಆಹಾರದ ಅಲರ್ಜಿಯೂ ಬೆಕ್ಕುಗಳಲ್ಲಿ ಇಲ್ಲದಿಲ್ಲ. ಆದರೆ ಅದು ಹೆಚ್ಚಾಗಿ ಮುಖ, ಕಿವಿ, ಕತ್ತುಗಳ ತುರಿಕೆಯಾಗಿ, ವಾಂತಿಯಾಗಿ, ಭೇದಿಯಾಗಿ ತೋರಿಬರುತ್ತದೆ. ಇಂತಹ ಚಿಹ್ನೆಗಳು ಜೊತೆಗಿದ್ದರೆ ಮಾತ್ರ ವೈದ್ಯರು, ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸದ ಆಹಾರವನ್ನು ಸುಮಾರು ಎಂಟು ವಾರಗಳವರೆಗೆ ಕೊಟ್ಟು ಪರೀಕ್ಷಿಸುವುದುಂಟು. ಇಂದು ಕೋಳಿಯನ್ನು ಬಿಡಿಸಿ, ನಾಳೆ ಮೀನನ್ನು ಬಿಡಿಸಿ, ನಾಡಿದ್ದು ಎರಡನ್ನೂ ಬಿಡಿಸುವುದರಿಂದ ಬೆಕ್ಕು ಸೊರಗುವುದಲ್ಲದೆ ರೋಗದ ಗುಟ್ಟು ತಿಳಿಯದು.

ಹಾಗಾದರೆ ಆಹಾರದಿಂದ ಪ್ರಯೋಜನವೇ ಇಲ್ಲವೆ? ಉಂಟು, ಅದು ಮೂರು ದಾರಿಗಳಿಂದ ಬರುತ್ತದೆ. ಮೊದಲನೆಯದಾಗಿ, ಮೈಯ ತೂಕವು ಹಿಡಿತದಲ್ಲಿದ್ದರೆ ಉಸಿರಾಟದ ಶ್ರಮವು ಕಡಿಮೆಯಾಗುತ್ತದೆ. ಎರಡನೆಯದಾಗಿ, ಉಬ್ಬಸಕ್ಕೆ ಕೊಡುವ ಔಷಧಗಳಿಂದ ಹುಟ್ಟುವ ತೊಡಕುಗಳನ್ನು ತಕ್ಕ ಆಹಾರವು ತಗ್ಗಿಸುತ್ತದೆ. ಮೂರನೆಯದಾಗಿ, ಪೂರ್ಣವಾದ ಪೋಷಣೆ ದೊರೆತ ದೇಹವು ದೀರ್ಘರೋಗವನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆಯುತ್ತದೆ. ಈ ಮೂರೂ ಔಷಧಕ್ಕೆ ಹೆಗಲು ಕೊಡುವ ಕೆಲಸಗಳು. ಔಷಧದ ಸ್ಥಾನದಲ್ಲಿ ನಿಲ್ಲುವಂತಹುವಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟವರು ಮುಂದಿನದನ್ನೆಲ್ಲ ಸರಿಯಾಗಿ ಬಳಸಬಲ್ಲರು.

೪. ಬೆಕ್ಕಿನ ಸಹಜಾಹಾರ

ಬೆಕ್ಕು ಮಾಂಸಾಹಾರವಿಲ್ಲದೆ ಬಾಳಲಾರದ ಪ್ರಾಣಿ. ನಾಯಿಯು ಅನ್ನ, ರೊಟ್ಟಿಗಳಿಗೆ ಸಾಕಷ್ಟು ಹೊಂದಿಕೊಂಡಿತು, ಬೆಕ್ಕು ಹೊಂದಿಕೊಳ್ಳಲಿಲ್ಲ. ಗಜ್ಜರಿಯ ಕೆಂಪುಬಣ್ಣದಿಂದ ನಮ್ಮ ದೇಹವು ಎ ಜೀವಸತ್ವವನ್ನು ತಯಾರಿಸಿಕೊಳ್ಳಬಲ್ಲದು. ಬೆಕ್ಕಿನ ದೇಹಕ್ಕೆ ಆ ಶಕ್ತಿಯಿಲ್ಲ. ಟಾರಿನ್ ಎಂಬ ಪೋಷಕದ್ರವ್ಯವನ್ನು ನಮ್ಮ ದೇಹವು ಒಳಗೇ ಸಿದ್ಧಪಡಿಸುತ್ತದೆ. ಬೆಕ್ಕು ಅದನ್ನು ಮಾಂಸದಿಂದಲೇ ಪಡೆಯಬೇಕು. ಟಾರಿನ್ ಇಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಒಳಪರದೆ ಹಾಳಾಗುವುದೆಂದು ೧೯೭೫ರಲ್ಲಿ ಅಮೆರಿಕದ ಹೇಸ್ ಮತ್ತು ಅವರ ಸಂಗಡಿಗರು ತೋರಿಸಿದರು. ೧೯೮೭ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಅದೇ ಕೊರತೆಯಿಂದ ಹೃದಯವು ಹಿಗ್ಗಿ ಬಲಗುಂದುವುದೆಂದೂ, ಟಾರಿನ್ ಕೊಟ್ಟಾಗ ಚೇತರಿಸಿಕೊಳ್ಳುವುದೆಂದೂ ಪ್ರಕಟಿಸಿದರು.

ಈ ಸಂಶೋಧನೆಯು ನಮ್ಮ ವಿಷಯಕ್ಕೆ ಹತ್ತಿರದ್ದು. ಹೃದಯವು ಬಲಗುಂದಿದ ಬೆಕ್ಕು ಕೂಡ ಏದುಸಿರು ಬಿಡುತ್ತದೆ. ಬರಿಯ ಹಾಲನ್ನವನ್ನೋ ಮೊಸರನ್ನವನ್ನೋ ಉಂಡು ಬೆಳೆದ ಬೆಕ್ಕು ಏದುತ್ತಿದ್ದರೆ ಅದು ಉಬ್ಬಸವೆಂದು ನಾವು ಊಹಿಸಿಕೊಳ್ಳಬಹುದು. ನಿಜವಾದ ಕಾರಣವು ಊಟದ ಕೊರತೆಯಿಂದ ಸೋತ ಹೃದಯವಾಗಿರಲೂ ಬಹುದು. ನಮ್ಮವರಲ್ಲಿ ಅನೇಕರ ಮನೆಗಳಲ್ಲಿ ಮಾಂಸವು ಒಳಗೆ ಬರುವುದಿಲ್ಲ. ಆ ನಿಯಮವು ಮನೆಯವರಿಗೆ ಸಲ್ಲುವಂತಹುದು. ಬೆಕ್ಕಿನ ದೇಹಧರ್ಮವೇ ಬೇರೆ. ಅಡುಗೆಮನೆಯಲ್ಲಿ ಮಾಂಸ ಬೇಯಿಸಲು ಒಪ್ಪದವರು, ಎಲ್ಲ ಪೋಷಕಾಂಶಗಳನ್ನೂ ಸೇರಿಸಿ ತಯಾರಿಸಿದ, 'ಪೂರ್ಣಾಹಾರ'ವೆಂದು ಹೊದಿಕೆಯ ಮೇಲೆ ಮುದ್ರಿತವಾಗಿರುವ ಸಿದ್ಧಾಹಾರವನ್ನು ತಂದು ಬೇರೆಯೇ ತಟ್ಟೆಯಲ್ಲಿ ಕೊಡಬಹುದು. ಬೆಕ್ಕನ್ನು ಸಾಕುವೆವೆಂದು ಒಪ್ಪಿದ ಮೇಲೆ ಅದಕ್ಕೆ ತಕ್ಕ ಊಟವನ್ನು ಕೊಡುವ ಹೊಣೆಯೂ ನಮ್ಮದೇ.

ಬರಿಯ ಬೇಯಿಸಿದ ಕೋಳಿಮಾಂಸವೂ ಪೂರ್ಣಾಹಾರವಲ್ಲವೆಂಬುದನ್ನು ತಿಳಿದಿರಬೇಕು. ಮಾಂಸಖಂಡದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಬಹು ಕಡಿಮೆ. ಅದೊಂದನ್ನೇ ತಿಂದರೆ ಎಲುಬುಗಳು ಟೊಳ್ಳಾಗುತ್ತವೆ. ಆದುದರಿಂದ ದಿನದ ಊಟದ ಹತ್ತರಲ್ಲಿ ಒಂಬತ್ತು ಪಾಲು ಪೂರ್ಣಾಹಾರವಾಗಿದ್ದು, ಉಳಿದ ಒಂದು ಪಾಲಷ್ಟೇ ಬೇಯಿಸಿದ ಕೋಳಿ, ಮೀನು, ಮೊಟ್ಟೆ ಮೊದಲಾದ ರುಚಿಪದಾರ್ಥವಾಗಿರುವುದು ಲೇಸು. ಮನೆಯಲ್ಲಿಯೇ ಎಲ್ಲವನ್ನೂ ಅಣಿಮಾಡಬೇಕೆನ್ನುವವರು ಪಶುವೈದ್ಯರಿಂದ ಅಳತೆಯ ಪಟ್ಟಿಯನ್ನು ಬರೆಸಿಕೊಳ್ಳತಕ್ಕದ್ದು.

೫. ತೂಕವನ್ನು ಇಳಿಸುವ ಲೆಕ್ಕ

ಹೊರಗೆ ತಿರುಗಾಡದೆ ಕೋಣೆಯೊಳಗೇ ಬಾಳುವ ನಗರದ ಬೆಕ್ಕು ಬೇಗನೆ ಕೊಬ್ಬುತ್ತದೆ. ಎದೆಯ ಸುತ್ತ ಸೇರಿದ ಕೊಬ್ಬು ಪಕ್ಕೆಗಳು ಹಿಗ್ಗುವುದನ್ನು ತಡೆಯುತ್ತದೆ. ಹೊಟ್ಟೆಯೊಳಗಿನ ಕೊಬ್ಬು ವಪೆಯನ್ನು ಕೆಳಗಿನಿಂದ ಒತ್ತುತ್ತದೆ. ಮೊದಲೇ ಕಿರಿದಾದ ಶ್ವಾಸನಾಳಗಳ ಮೇಲೆ ಇದು ಇನ್ನೊಂದು ಹೊರೆ. ಉಬ್ಬಸದ ಬೆಕ್ಕಿಗೆ ಆಹಾರದಿಂದ ಮಾಡಬಹುದಾದ ಅತ್ಯಂತ ನಿಶ್ಚಿತವಾದ ಉಪಕಾರವೆಂದರೆ ಈ ಹೊರೆಯನ್ನು ಇಳಿಸುವುದು.

ಬೆಕ್ಕಿನ ಎರಡು ಪಕ್ಕೆಗಳ ಮೇಲೂ ಅಂಗೈಯನ್ನು ಮೆಲ್ಲನೆ ಆಡಿಸಿ ನೋಡಿರಿ. ತೆಳುವಾದ ಮುಸುಕಿನ ಕೆಳಗೆ ಎಲುಬುಗಳು ಕೈಗೆ ಸಿಕ್ಕಿದರೆ ತೂಕವು ಸರಿಯಾಗಿದೆ. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಾಗಿದೆ. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸೊಂಟವು ತುಸು ಒಳಸರಿದಿರಬೇಕು.

ಈಗ ಒಂದು ಲೆಕ್ಕವನ್ನು ಮಾಡೋಣ. ಒಂದು ಬೆಕ್ಕು ೬ ಕಿಲೋಗ್ರಾಂ ತೂಗುತ್ತದೆ, ಅದು ೪.೫ ಕಿಲೋಗ್ರಾಂ ಇರಬೇಕೆಂದು ವೈದ್ಯರು ಹೇಳಿದ್ದಾರೆ. ವಾರಕ್ಕೆ ದೇಹತೂಕದ ನೂರನೆಯ ಒಂದು ಪಾಲು ಇಳಿಯುವುದು ಹಿತಕರವಾದ ವೇಗ. ಅಂದರೆ ಮೊದಲ ವಾರ ಇಳಿಯಬೇಕಾದುದು ೬೦ ಗ್ರಾಂ ಮಾತ್ರ. ಒಟ್ಟು ಇಳಿಸಬೇಕಾದ ೧,೫೦೦ ಗ್ರಾಂಗಳನ್ನು ೬೦ರಿಂದ ಭಾಗಿಸಿದರೆ ೨೫ ವಾರಗಳಾಗುತ್ತವೆ. ತೂಕವಿಳಿದಂತೆ ನೂರನೆಯ ಪಾಲೂ ಚಿಕ್ಕದಾಗುವುದರಿಂದ ನಿಜವಾಗಿ ಇನ್ನೂ ಕೆಲವು ವಾರಗಳು ಹಿಡಿಯುತ್ತವೆ. ಆರು ತಿಂಗಳಿಗೆ ಮೀರಿದ ಈ ಕೆಲಸವನ್ನು ಆರು ದಿನಗಳಲ್ಲಿ ಮಾಡಹೊರಡುವುದು ಅವಿವೇಕ.

ಅವಿವೇಕವೆಂದು ಗಟ್ಟಿಯಾಗಿ ಹೇಳಲು ಕಾರಣವುಂಟು. ಮನುಷ್ಯನು ಒಂದೆರಡು ದಿನ ಉಪವಾಸ ಮಾಡಿದರೆ ದೇಹವು ಶುದ್ಧವಾಯಿತೆಂದುಕೊಳ್ಳುತ್ತಾನೆ. ಬೆಕ್ಕಿಗೆ, ಅದರಲ್ಲಿಯೂ ಕೊಬ್ಬಿದ ಬೆಕ್ಕಿಗೆ, ಕೆಲವೇ ದಿನಗಳ ನಿರಾಹಾರವೂ ಮಾರಕವಾದೀತು. ಮೈಯ ಕೊಬ್ಬು ಕರಗಿ ಒಮ್ಮೆಲೇ ಪಿತ್ತಜನಕಾಂಗಕ್ಕೆ ನುಗ್ಗುತ್ತದೆ. ಆ ಅಂಗವು ಅದನ್ನು ಸಾಗಿಸಲಾರದೆ ತಾನೇ ಕೊಬ್ಬಿನಿಂದ ತುಂಬಿ ಕೆಲಸ ನಿಲ್ಲಿಸುತ್ತದೆ. ಆದುದರಿಂದ ಲಂಘನವು ಬೆಕ್ಕಿಗೆ ಪಥ್ಯವಲ್ಲ. ಯಾವ ಕಾರಣದಿಂದಲಾದರೂ ಅದು ಒಂದು ಇಡೀ ದಿನ ಊಟವನ್ನು ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು.

೪ ಕಿಲೋಗ್ರಾಂ ತೂಗುವ ಬೆಕ್ಕು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು ೨೦೦ ಕಿಲೋ ಕ್ಯಾಲೊರಿಗಳಷ್ಟು ಶಕ್ತಿಯನ್ನು ವ್ಯಯಿಸುತ್ತದೆ. ಕೊಡಬೇಕಾದ ಮೊತ್ತವನ್ನು ವೈದ್ಯರು ಗೊತ್ತುಮಾಡಿದ ಮೇಲೆ ಅದನ್ನು ತೂಗಿ, ನಾಲ್ಕೈದು ಸಣ್ಣ ಊಟಗಳಾಗಿ ಹಂಚಿಕೊಡುವುದು ಒಳ್ಳೆಯದು. ಇಲಿಯಷ್ಟೇ ಗಾತ್ರದ ಬೇಟೆಯನ್ನು ದಿನಕ್ಕೆ ಹಲವು ಸಲ ತಿನ್ನುವುದು ಬೆಕ್ಕಿನ ಹುಟ್ಟುಗುಣ. ತುಂಬಿ ಬಿರಿದ ಹೊಟ್ಟೆಯು ವಪೆಯನ್ನು ಒತ್ತುವುದೂ ಇದರಿಂದ ತಪ್ಪುತ್ತದೆ.

೬. ಔಷಧವೂ ಊಟವೂ

ಉಬ್ಬಸದ ಮುಖ್ಯ ಔಷಧಗಳು ಎರಡು ಬಗೆ. ಒಳಪೊರೆಯ ಊತವನ್ನು ತಗ್ಗಿಸುವ ಪ್ರೆಡ್ನಿಸೊಲೋನ್, ಫ್ಲುಟಿಕಸೋನ್ ಮೊದಲಾದ ಸ್ಟೀರಾಯ್ಡುಗಳು ಮೊದಲನೆಯವು. ಬಿಗಿದ ಸ್ನಾಯುಗಳನ್ನು ಸಡಿಲಿಸುವ ಸಾಲ್ಬ್ಯುಟಮಾಲ್ ಮೊದಲಾದುವು ಎರಡನೆಯವು. ಇಂದು ಚಿಕ್ಕ ಮುಖವಾಡವುಳ್ಳ ಕೊಳವೆಯ ಮೂಲಕ ಔಷಧವನ್ನು ಬೆಕ್ಕಿನ ಉಸಿರಿಗೇ ಸೇರಿಸುವ ಉಪಾಯವೂ ಬಳಕೆಯಲ್ಲಿದೆ. ಮುಖವಾಡವನ್ನು ತೆಗೆದೊಡನೆ ಪ್ರಿಯವಾದ ಒಂದು ತುತ್ತನ್ನು ಕೊಡುವ ರೂಢಿ ಮಾಡಿದರೆ ಬೆಕ್ಕು ಅದಕ್ಕೆ ಬೇಗನೆ ಒಗ್ಗಿಕೊಳ್ಳುತ್ತದೆ. ಊಟವು ಚಿಕಿತ್ಸೆಗೆ ನೆರವಾಗುವ ಸುಲಭವಾದ ದಾರಿ ಇದು.

ಹೊಟ್ಟೆಗೆ ಕೊಡುವ ಸ್ಟೀರಾಯ್ಡಿನಿಂದ ಹಸಿವು ಹೆಚ್ಚುತ್ತದೆ; ಬಾಯಾರಿಕೆಯೂ ಹೆಚ್ಚಬಹುದು. ಬೆಕ್ಕು ತಟ್ಟೆಯ ಮುಂದೆ ಕುಳಿತು ಕೂಗುತ್ತದೆ, ಮನೆಯವರು ಕನಿಕರದಿಂದ ಮತ್ತೆ ಮತ್ತೆ ಹಾಕುತ್ತಾರೆ, ತೂಕವು ಏರುತ್ತದೆ, ಉಸಿರು ಮತ್ತೆ ಭಾರವಾಗುತ್ತದೆ. ಕೆಲವು ಬೆಕ್ಕುಗಳಿಗೆ ಸಿಹಿಮೂತ್ರ ರೋಗವೂ ಅಂಟಿಕೊಳ್ಳುತ್ತದೆ. ಆದುದರಿಂದ ಸ್ಟೀರಾಯ್ಡು ಸೇವಿಸುವ ಬೆಕ್ಕಿಗೆ ಅನ್ನ, ಬ್ರೆಡ್ಡು, ಬಿಸ್ಕತ್ತುಗಳಂತಹ ಪಿಷ್ಟವನ್ನು ಕಡಿಮೆ ಮಾಡಿ, ಮಾಂಸಾಂಶವು ಅಧಿಕವಾದ ಒದ್ದೆ ಆಹಾರವನ್ನು ಕೊಡುವುದು ಯುಕ್ತ. ಒಣ ಆಹಾರದಲ್ಲಿ ನೀರಿನಂಶವು ನೂರಕ್ಕೆ ಸುಮಾರು ೧೦. ಒದ್ದೆ ಆಹಾರದಲ್ಲಿ ಸುಮಾರು ೭೫ ಅಥವಾ ಅದಕ್ಕೂ ಹೆಚ್ಚು. ಇದರಿಂದ ಹೊಟ್ಟೆ ತುಂಬಿದಂತಾಗಿ ಶಕ್ತಿಯ ಮೊತ್ತವು ಮಿತಿಯಲ್ಲಿರುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಆಹಾರ ಬದಲಾಯಿಸಿದ ಕೆಲವು ದಿನಗಳಲ್ಲಿ ಬೆಕ್ಕು ಗೆಲುವಾದರೆ, "ಪಥ್ಯ ಹತ್ತಿತು, ಇನ್ನು ಮದ್ದೇಕೆ?" ಎಂದು ಔಷಧವನ್ನು ನಿಲ್ಲಿಸುವವರಿದ್ದಾರೆ. ಉಬ್ಬಸವು ಏರಿಳಿಯುವ ರೋಗ. ಕೆಮ್ಮು ನಿಂತ ಮೇಲೂ ನಾಳಗಳ ಒಳಗಿನ ಊತವು ಮೆಲ್ಲನೆ ಹೊಗೆಯಾಡುತ್ತಿರುತ್ತದೆ. ಬಹುಕಾಲ ಕೊಟ್ಟ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದೂ ದೇಹಕ್ಕೆ ಅಪಾಯಕರ. ಪ್ರಮಾಣವನ್ನು ಇಳಿಸುವುದಾದರೆ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

೭. ಮೀನೆಣ್ಣೆಯ ವಿಚಾರ

ಮೀನಿನ ಮೈಯ ಎಣ್ಣೆಯಲ್ಲಿ ಒಮೆಗಾ-೩ ಎಂಬ ಜಾತಿಯ ಕೊಬ್ಬಿನಾಮ್ಲಗಳಿವೆ. ದೇಹದಲ್ಲಿ ಊತವನ್ನು ಎಬ್ಬಿಸುವ ಕೆಲವು ರಾಸಾಯನಿಕಗಳ ತಯಾರಿಕೆಯನ್ನು ಇವು ತಗ್ಗಿಸುತ್ತವೆ. ಈ ಕಾರಣದಿಂದ ಉಬ್ಬಸದ ಬೆಕ್ಕಿಗೆ ವೈದ್ಯರು ಕೆಲವೊಮ್ಮೆ ಇದನ್ನು ಔಷಧದ ಜೊತೆಗೆ ಸೇರಿಸುವುದುಂಟು. ಆದರೆ ಇದೊಂದರಿಂದಲೇ ಉಬ್ಬಸವು ಅಡಗುವುದೆಂಬುದಕ್ಕೆ ಆಧಾರವಿಲ್ಲ. ಪ್ರಮಾಣ ಮೀರಿದರೆ ಭೇದಿಯಾಗುತ್ತದೆ, ತೂಕವೂ ಏರುತ್ತದೆ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸೆಯ ಹಿಂಡಿ ನಿತ್ಯದ ಪದಾರ್ಥ. ಅಗಸೆಯಲ್ಲಿಯೂ ಒಮೆಗಾ-೩ ಇದೆಯಲ್ಲ, ಅದನ್ನೇ ಕೊಡಬಾರದೇಕೆ ಎಂದು ಕೇಳಬಹುದು. ಅಗಸೆಯಲ್ಲಿರುವುದು ಬೇರೆ ರೂಪ. ಅದನ್ನು ಮೀನಿನಲ್ಲಿರುವ ರೂಪಕ್ಕೆ ಮಾರ್ಪಡಿಸುವ ಶಕ್ತಿ ಬೆಕ್ಕಿಗೆ ತೀರ ಕಡಿಮೆ. ಆದುದರಿಂದ ನಮಗೆ ಹಿತವಾದ ಅಗಸೆಯು ಅದಕ್ಕೆ ಈ ವಿಷಯದಲ್ಲಿ ಉಪಕರಿಸದು.

ಕಾಡ್ ಮೀನಿನ ಪಿತ್ತಜನಕಾಂಗದ ಎಣ್ಣೆಯನ್ನು ಮೀನೆಣ್ಣೆಯೆಂದು ತಪ್ಪಾಗಿ ಕೊಡಬಾರದು. ಅದರಲ್ಲಿ ಎ ಮತ್ತು ಡಿ ಜೀವಸತ್ವಗಳು ಬಹಳವಾಗಿವೆ. ಅವು ದೇಹದಲ್ಲಿ ಸಂಚಯವಾಗಿ ವಿಷವಾಗುತ್ತವೆ. ಹಸಿಯ ಪಿತ್ತಜನಕಾಂಗವನ್ನೇ ದಿನವೂ ತಿಂದ ಬೆಕ್ಕುಗಳ ಕತ್ತಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡು ಕತ್ತು ತಿರುಗದಂತಾಗುವುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ೧೯೬೦ರ ದಶಕದಲ್ಲಿ ವಿವರಿಸಿದರು. ಒಳ್ಳೆಯದೂ ಅತಿಯಾದರೆ ಕೆಡುಕೆಂಬುದಕ್ಕೆ ಇದು ನಿದರ್ಶನ.

೮. ಕೊಡಬಾರದ ಪದಾರ್ಥಗಳು

ಮನುಷ್ಯರ ಕೆಮ್ಮಿಗೆ ನಾವು ಬಳಸುವ ಮನೆಮದ್ದುಗಳಲ್ಲಿ ಕೆಲವು ಬೆಕ್ಕಿಗೆ ವಿಷ. ಅವನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇವೆ.

ಈರುಳ್ಳಿ, ಬೆಳ್ಳುಳ್ಳಿ: ಹಸಿಯಾಗಲಿ, ಬೆಂದುದಾಗಲಿ, ಒಣಪುಡಿಯಾಗಲಿ, ಇವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪ್ರಾಣವಾಯುವನ್ನು ಹೊರುವ ಕಣಗಳೇ ನಾಶವಾದರೆ ಉಬ್ಬಸದ ಬೆಕ್ಕಿಗೆ ಇಬ್ಬಗೆಯ ಕಷ್ಟ. ಮಸಾಲೆಯ ಸಾರು ಕಲಸಿದ ಅನ್ನವನ್ನು ಕೊಡಬಾರದೆನ್ನುವುದೂ ಇದರಿಂದಲೇ.

ಪ್ಯಾರಾಸಿಟಮಾಲ್ ಗುಳಿಗೆ: ಜ್ವರಕ್ಕೆ ನಾವು ನುಂಗುವ ಈ ಗುಳಿಗೆಯ ಒಂದು ಚೂರೂ ಬೆಕ್ಕನ್ನು ಕೊಲ್ಲಬಲ್ಲದು.

ಕರ್ಪೂರ, ನೀಲಗಿರಿ ಎಣ್ಣೆ, ನೆಗಡಿಗೆ ಹಚ್ಚುವ ಮುಲಾಮು: ಎದೆಗೆ ಹಚ್ಚಿದರೂ ಬೆಕ್ಕು ಮೈಯನ್ನು ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ, ಇವುಗಳ ಘಾಟೂ ನಾಳಗಳನ್ನು ಕೆರಳಿಸುತ್ತದೆ.

ಹಸಿಮೀನು: ಕೆಲವು ಜಾತಿಯ ಹಸಿಮೀನುಗಳಲ್ಲಿ ಬಿ೧ ಜೀವಸತ್ವವನ್ನು ನಾಶಮಾಡುವ ದ್ರವ್ಯವಿದೆ; ಬೇಯಿಸಿದರೆ ಅದು ಅಳಿಯುತ್ತದೆ. ಬೇಯಿಸಿದ ಮೀನನ್ನೂ ಮುಳ್ಳು ತೆಗೆದು ಆಗಾಗ ಕೊಡಬಹುದೇ ಹೊರತು ಅದೊಂದನ್ನೇ ನಿತ್ಯದ ಊಟವಾಗಿ ಕೊಡಲಾಗದು.

ಹಾಲು: ಹಾಲಿನಿಂದ ಕಫ ಹೆಚ್ಚಿ ಉಬ್ಬಸ ಬರುತ್ತದೆಂದು ಹೇಳಲು ಆಧಾರವಿಲ್ಲ. ಆದರೆ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕಿನ ಬಾಯಾರಿಕೆಗೆ ಶುದ್ಧವಾದ ನೀರೇ ಯೋಗ್ಯ.

ಕಷಾಯ, ಜೇನುತುಪ್ಪ ಮೊದಲಾದುವನ್ನು ಒತ್ತಿ ಹಿಡಿದು ಬಾಯಿಗೆ ಸುರಿಯುವುದು ಎಲ್ಲಕ್ಕಿಂತ ಕೆಟ್ಟ ಉಪಚಾರ. ಕೊಸರಾಡುವ ಬೆಕ್ಕಿನ ಶ್ವಾಸನಾಳಕ್ಕೆ ಅದು ಇಳಿದುಹೋಗಬಹುದು. ಭಯದಿಂದಲೂ ಏದುಸಿರು ಹೆಚ್ಚುತ್ತದೆ.

೯. ಮೂಗಿನ ಪಥ್ಯ

ಬಾಯಿಗೆ ಪಥ್ಯವನ್ನು ಗೊತ್ತುಮಾಡಿ ಮೂಗನ್ನು ಮರೆತರೆ ಫಲವಿಲ್ಲ. ರೋಗವು ಉಸಿರಿನ ದಾರಿಯಲ್ಲಿ ಬರುವುದರಿಂದ ಉಬ್ಬಸದ ಬೆಕ್ಕಿಗೆ ಮೂಗಿನ ಪಥ್ಯವೇ ಹಿರಿಯ ಪಥ್ಯ. ಒಂದೆರಡು ಕೋಣೆಗಳ ಮನೆಯಲ್ಲಿ ಊದುಬತ್ತಿ, ಧೂಪ, ಸೊಳ್ಳೆಬತ್ತಿ, ಬೀಡಿ, ಸಿಗರೇಟುಗಳ ಹೊಗೆಗೆ ಹೋಗಲು ಬೇರೆ ದಾರಿಯಿರುವುದಿಲ್ಲ. ನೆಲಕ್ಕೆ ಹತ್ತಿರವಾಗಿ ಬಾಳುವ ಬೆಕ್ಕು ನೆಲದ ಧೂಳನ್ನು ನಮಗಿಂತ ಹೆಚ್ಚಾಗಿ ಉಸಿರಾಡುತ್ತದೆ. ಬೆಕ್ಕಿರುವ ಕೋಣೆಯಲ್ಲಿ ಹೊಗೆಯೆಬ್ಬಿಸದಿರುವುದು, ಮೆಣಸಿನಕಾಯಿಯ ಒಗ್ಗರಣೆಯ ಹೊತ್ತಿನಲ್ಲಿ ಅದನ್ನು ಬೇರೆಡೆ ಇಡುವುದು, ಸೊಳ್ಳೆಗೆ ಪರದೆಯನ್ನು ಕಟ್ಟುವುದು, ಮಲವಿಸರ್ಜನೆಯ ತಟ್ಟೆಗೆ ಧೂಳೇಳದ ಹಾಗೂ ಸುವಾಸನೆ ಬೆರೆಸದ ಮಣ್ಣನ್ನು ಬಳಸುವುದು, ಇವೆಲ್ಲ ಬೆಲೆಯಿಲ್ಲದ ಔಷಧಗಳು. ಮುಂಬಯಿಯ ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟನ್ನು ಒರೆಸಬೇಕು. ದೀಪಾವಳಿಯ ಪಟಾಕಿಯ ಹೊತ್ತಿಗೆ ಕಿಟಕಿಯನ್ನು ಮುಚ್ಚಬೇಕು.

೧೦. ದಿನಚರಿಯ ಪುಸ್ತಕ

ವಿದ್ಯಾರ್ಥಿಗಳು ಇದರಲ್ಲಿ ದೊಡ್ಡ ಸಹಾಯ ಮಾಡಬಲ್ಲರು. ಒಂದು ನೋಟುಪುಸ್ತಕದಲ್ಲಿ ಐದು ಅಂಕಣಗಳನ್ನು ಎಳೆಯಿರಿ: ದಿನಾಂಕ, ನಿದ್ರೆಯಲ್ಲಿ ಉಸಿರಿನ ಸಂಖ್ಯೆ, ಕೆಮ್ಮು ಬಂದ ಸಲ, ತಿಂದ ಆಹಾರ ಮತ್ತು ತೂಕ, ಆ ದಿನದ ವಿಶೇಷ, ಅಂದರೆ ಹೊಗೆ, ಸುಣ್ಣಬಣ್ಣ, ಮಳೆ, ಹೊಸ ಆಹಾರ ಇತ್ಯಾದಿ. ಬೆಕ್ಕನ್ನು ಎಳೆಯ ಮಗುವನ್ನು ತೂಗುವ ತಕ್ಕಡಿಯಲ್ಲಿ ಎರಡು ವಾರಗಳಿಗೊಮ್ಮೆ ತೂಗಿರಿ. ದೊಡ್ಡ ತಕ್ಕಡಿಯಲ್ಲಿ ಅರವತ್ತು ಗ್ರಾಂಗಳ ವ್ಯತ್ಯಾಸವು ತೋರದು. ಎರಡು ತಿಂಗಳಾದ ಮೇಲೆ ಪುಟಗಳನ್ನು ತಿರುವಿ ನೋಡಿದರೆ, ಯಾವುದರಿಂದ ರೋಗ ಕೆರಳುತ್ತದೆ, ಯಾವುದರಿಂದ ತಗ್ಗುತ್ತದೆ ಎಂಬುದು ತಾನಾಗಿ ಗೋಚರವಾಗುವುದು. ಬಾಯಿಲ್ಲದ ಪ್ರಾಣಿಯ ಪರವಾಗಿ ವೈದ್ಯರೊಡನೆ ಮಾತನಾಡುವುದು ಈ ಪುಸ್ತಕವೇ.

ವೈದ್ಯರ ನೆರವು ನಮ್ಮ ನಗರದಲ್ಲಿ ದುರ್ಲಭವಲ್ಲ. ಪರೇಲಿನಲ್ಲಿ ೧೮೮೬ರಲ್ಲಿ ಸ್ಥಾಪಿತವಾದ ಮುಂಬಯಿ ಪಶುವೈದ್ಯ ಮಹಾವಿದ್ಯಾಲಯವೂ, ಅದರೊಡನೆ ಬೆಳೆದುಬಂದ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ ಈ ನಗರದ ಹಳೆಯ ಸಂಸ್ಥೆಗಳು.

ಉಪಸಂಹಾರ

ಮೇಲಿನ ವಿಚಾರಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು. ಉಬ್ಬಸವು ಆಹಾರದಿಂದ ಹುಟ್ಟುವುದು ವಿರಳ. ಆಹಾರದಿಂದಲೇ ಗುಣವಾಗುವುದೂ ಇಲ್ಲ. ಆದರೂ ಮಾಂಸಾಧಾರಿತವಾದ ಪೂರ್ಣಾಹಾರ, ಅಳತೆಯ ಊಟ, ಮೆಲ್ಲನೆ ಇಳಿಯುವ ತೂಕ, ಬೇಕಾದಷ್ಟು ನೀರು, ವಿಷಪದಾರ್ಥಗಳ ವರ್ಜನೆ, ಇವು ಔಷಧದ ಕೈಯನ್ನು ಬಲಪಡಿಸುತ್ತವೆ. ಔಷಧವು ಬೆಂಕಿಯನ್ನು ಆರಿಸುತ್ತದೆ. ಮೂಗಿನ ಪಥ್ಯವು ಕಿಡಿಯನ್ನು ತಡೆಯುತ್ತದೆ. ಬಾಯಿಯ ಪಥ್ಯವು ಮನೆಯನ್ನು ಗಟ್ಟಿಗೊಳಿಸುತ್ತದೆ. ಮೂರೂ ಕೂಡಿದಲ್ಲಿ ಉಬ್ಬಸವುಳ್ಳ ಬೆಕ್ಕು ಹಲವು ವರ್ಷಗಳ ಕಾಲ ಸುಖವಾಗಿ ಬಾಳಬಲ್ಲದು. ತನ್ನ ಕಷ್ಟವನ್ನು ಹೇಳಲಾರದ ಜೀವಿಯ ಉಸಿರನ್ನು ಎಣಿಸುವಷ್ಟು ತಾಳ್ಮೆಯನ್ನು ಕಲಿಯುವುದೂ ವಿದ್ಯೆಯ ಒಂದು ಭಾಗವೆಂದು ನಾವು ನಂಬುತ್ತೇವೆ.

ಅಭ್ಯಾಸ

೧. ಶ್ವಾಸನಾಳದ ವ್ಯಾಸವು ಮೂರನೆಯ ಒಂದು ಪಾಲಿಗೆ ಇಳಿದರೆ ಗಾಳಿಗೆ ಒದಗುವ ತಡೆಯು ಎಷ್ಟು ಪಟ್ಟಾಗುತ್ತದೆ?
೨. ೫ ಕಿಲೋಗ್ರಾಂ ತೂಗುವ ಬೆಕ್ಕು ಮೊದಲ ವಾರದಲ್ಲಿ ಎಷ್ಟು ಗ್ರಾಂ ಇಳಿದರೆ ಹಿತಕರ?
೩. ಬೆಕ್ಕಿಗೆ ಉಪವಾಸವು ಏಕೆ ಸಲ್ಲದು? ಕಾರಣವನ್ನು ವಿವರಿಸಿರಿ.
೪. ಉಬ್ಬಸವನ್ನು ಹೋಲುವ ಎರಡು ರೋಗಗಳನ್ನು ಹೆಸರಿಸಿ, ಅವುಗಳಿಗೂ ಆಹಾರಕ್ಕೂ ಇರುವ ಸಂಬಂಧವನ್ನು ತಿಳಿಸಿರಿ.
೫. "ಮೂಗಿನ ಪಥ್ಯವೇ ಹಿರಿಯ ಪಥ್ಯ": ನಿಮ್ಮ ಮನೆಯಲ್ಲಿ ಇದನ್ನು ಪಾಲಿಸುವ ಬಗೆಯನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.